ಗ್ಯಾಸ್ ಬಂದ ಮನೆಯಲ್ಲಿ ಉಳಿದ ಸೌದೆ ಒಲೆ

ಕೇಳುಗರೆಲ್ಲರಿಗೂ ನಮಸ್ಕಾರ.

2016ರ ಮೇ 1ರಂದು ಉತ್ತರ ಪ್ರದೇಶದ ಬಲ್ಲಿಯಾದಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಬಡ ಕುಟುಂಬಗಳ ಹೆಣ್ಣುಮಕ್ಕಳ ಹೆಸರಿನಲ್ಲಿಯೇ ಅಡುಗೆ ಅನಿಲದ ಸಂಪರ್ಕ ದೊರೆಯತೊಡಗಿತು. ಅದರಿಂದ ಹೊರಗುಳಿದ ಮನೆಗಳಿಗಾಗಿ ಕರ್ನಾಟಕ ಸರ್ಕಾರವೂ ಅನಿಲಭಾಗ್ಯ ಯೋಜನೆಯನ್ನು ತಂದಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಅಡುಗೆಗೆ ಶುದ್ಧ ಇಂಧನ ಬಳಸುವ ಮನೆಗಳ ಪ್ರಮಾಣ ದೇಶದಲ್ಲಿ 2015-16ರಲ್ಲಿ ಶೇ. 43.8 ಇದ್ದದ್ದು 2019-21ರ ಹೊತ್ತಿಗೆ ಶೇ. 58.6ಕ್ಕೆ ಏರಿತು. ಇದು ಸಂತೋಷಪಡಬೇಕಾದ ಸಂಗತಿಯೇ. ಆದರೆ ಈ ಲೆಕ್ಕಕ್ಕೆ ಬರುವುದು ಮನೆಯ ಮುಖ್ಯ ಇಂಧನ ಮಾತ್ರ. ಗ್ಯಾಸಿನ ಜೊತೆಗೇ ಸೌದೆ ಒಲೆಯೂ ಉರಿಯುತ್ತಿದ್ದರೆ ಅದು ಇಲ್ಲಿ ಕಾಣಿಸುವುದಿಲ್ಲ. ನಾನು ಇಂದು ಹೇಳಬೇಕೆಂದಿರುವುದು ಆ ಎರಡನೆಯ ಒಲೆಯ ವಿಷಯ.

ಸೌದೆಯಾಗಲಿ ಬೆರಣಿಯಾಗಲಿ ನಮ್ಮ ಮಣ್ಣಿನ ಒಲೆಯಲ್ಲಿ ಪೂರ್ತಿಯಾಗಿ ಉರಿಯುವುದಿಲ್ಲ. ಅರೆಬರೆ ಉರಿದದ್ದು ಕಾರ್ಬನ್ ಮಾನಾಕ್ಸೈಡ್ ಆಗಿ, ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳಾಗಿ ಮನೆಯೊಳಗೇ ಸುತ್ತಾಡುತ್ತದೆ. ಮಕ್ಕಳ ನ್ಯುಮೋನಿಯಾ, ದೊಡ್ಡವರ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಹೃದ್ರೋಗ, ಕಣ್ಣಿನ ಪೊರೆ ಇವೆಲ್ಲಕ್ಕೂ ಈ ಹೊಗೆಯ ನಂಟಿದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಗ್ಯಾಸ್ ಹಚ್ಚಿದರೆ ಈ ಹೊಗೆಯಿಲ್ಲ, ಪಾತ್ರೆಗೆ ಮಸಿ ಹಿಡಿಯುವುದಿಲ್ಲ, ಸೌದೆಗಾಗಿ ಅಲೆಯಬೇಕಿಲ್ಲ. ಹೀಗಿದ್ದೂ ಸೌದೆ ಒಲೆ ಏಕೆ ಉಳಿಯಿತು? ಮಲೆನಾಡಿನ ಮನೆಯೊಂದರ ಬಚ್ಚಲಿಗೆ ಹೋಗಿ ನೋಡಿ. ಹಂಡೆಯ ಕೆಳಗೆ ತೆಂಗಿನ ಮಟ್ಟೆ, ಅಡಿಕೆ ಸೋಗೆ, ಒದ್ದೆ ಕಟ್ಟಿಗೆ ಬೆಳಗಿನಿಂದ ಹೊಗೆಯಾಡುತ್ತಿರುತ್ತವೆ. ಮನೆಮಂದಿಯೆಲ್ಲರ ಸ್ನಾನದ ನೀರನ್ನು 14.2 ಕಿಲೋ ಸಿಲಿಂಡರಿನಿಂದ ಕಾಯಿಸಹೊರಟರೆ ಅದು ತಿಂಗಳು ಬಾಳುವುದಿಲ್ಲ ಎಂಬುದು ಅಲ್ಲಿನ ಹೆಂಗಸರಿಗೆ ಚೆನ್ನಾಗಿ ಗೊತ್ತು. ಕಲಬುರಗಿಯ ಕಡೆ ತೊಗರಿ ಕಟ್ಟಿಗೆ ಹೊಲದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ದೊಡ್ಡ ಹಂಚಿನ ಮೇಲೆ ರೊಟ್ಟಿ ಬೇಯಿಸಲು ಅಗಲವಾದ ಉರಿಯೂ ಬೇಕು. ದಿನಗೂಲಿಯ ಮನೆಗಳಿಗಂತೂ ಸಿಲಿಂಡರಿನ ಹಣವನ್ನು ಒಂದೇ ಗಂಟಿನಲ್ಲಿ ಹೊಂದಿಸುವುದೇ ಕಷ್ಟ. ಇದನ್ನು ಜನರ ಅಜ್ಞಾನವೆಂದು ಕರೆಯುವುದು ಅನ್ಯಾಯ ಎಂದು ನಾನು ನಂಬುತ್ತೇನೆ. ಒಟ್ಟಿಗೆ ಹಣ ಹೊಂದಿಸಲಾಗದ ಇಂಥ ಮನೆಗಳಿಗೆ 5 ಕಿಲೋ ಸಿಲಿಂಡರ್ ಹೆಚ್ಚು ಅನುಕೂಲ.

ಗ್ಯಾಸ್ ಬಳಸುವವರಿಗೆ ಒಂದು ಎಚ್ಚರಿಕೆ. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿಯೇ ನಿಲ್ಲುತ್ತದೆ. ವಾಸನೆ ಬಂದರೆ ವಿದ್ಯುತ್ ಸ್ವಿಚ್ಚನ್ನು ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆಯಬೇಕು.

ನಾಲ್ಕೈದು ದನಗಳಿರುವ ಮನೆಗೆ ಗೋಬರ್ ಗ್ಯಾಸಿನಷ್ಟು ಒಳ್ಳೆಯದು ನನಗೆ ಬೇರೆ ಕಾಣುವುದಿಲ್ಲ. ದಿನಕ್ಕೆ ಎರಡು ಘನ ಮೀಟರ್ ಅನಿಲ ಕೊಡುವ ಸ್ಥಾವರಕ್ಕೆ ಪ್ರತಿದಿನ ಸುಮಾರು 50 ಕಿಲೋ ಸಗಣಿ ಬೇಕು. ಅದನ್ನು ಅಷ್ಟೇ ನೀರಿನಲ್ಲಿ ಕದಡಿ, ಹುಲ್ಲುಕಡ್ಡಿ ತೆಗೆದು ಒಳಗೆ ಬಿಟ್ಟರೆ ಸಣ್ಣ ಸಂಸಾರದ ಅಡುಗೆಗೆ ಸಾಲುವಷ್ಟು ಅನಿಲ ದೊರೆಯುತ್ತದೆ, ಹೊರಬರುವ ಬಗ್ಗಡ ತೋಟಕ್ಕೆ ಗೊಬ್ಬರವಾಗುತ್ತದೆ. ಆದರೆ ಚಳಿಗಾಲದಲ್ಲಿ ಅನಿಲ ಕಡಿಮೆಯಾಗುತ್ತದೆ. ಸಗಣಿ ಕದಡುವ ಕೆಲಸಕ್ಕೆ ರಜೆಯಿಲ್ಲ. ದನ ಮಾರಿದ ಮನೆಯಲ್ಲಿ ಸ್ಥಾವರ ಪಾಳು ಬೀಳುತ್ತದೆ.

ಇಂಡಕ್ಷನ್ ಒಲೆಯಲ್ಲಿ ಉರಿಯೂ ಇಲ್ಲ, ಹೊಗೆಯೂ ಇಲ್ಲ. ಅದಕ್ಕೆ ಅಯಸ್ಕಾಂತ ಹಿಡಿಯುವ ಸಪಾಟು ತಳದ ಪಾತ್ರೆ ಬೇಕು, ಕೈಕೊಡದ ವಿದ್ಯುತ್ ಬೇಕು. ಗೃಹಜ್ಯೋತಿಯಲ್ಲಿ ಉಚಿತ ಯೂನಿಟ್ ನಿಗದಿಯಾಗುವುದು ಹಿಂದಿನ ಸರಾಸರಿ ಬಳಕೆಯ ಮೇಲಾದ್ದರಿಂದ, ಹೊಸದಾಗಿ ಇಂಡಕ್ಷನ್ ತಂದವರು ಬಿಲ್ಲಿನ ಲೆಕ್ಕವನ್ನೂ ಹಾಕಿಕೊಳ್ಳಬೇಕು.

ಹೀಗಾಗಿ ಒಂದೇ ಇಂಧನದಿಂದ ಮನೆಯ ಎಲ್ಲ ಕೆಲಸವನ್ನೂ ತೂಗಿಸಬೇಕೆಂಬ ಹಟ ಬೇಡ. ಅಡುಗೆ ಗ್ಯಾಸಿನಲ್ಲಾದರೆ, ಬಿಸಿಲು ಚೆನ್ನಾಗಿರುವ ಊರುಗಳಲ್ಲಿ ಸ್ನಾನದ ನೀರು ಸೋಲಾರಿನಲ್ಲಿ ಕಾಯಲಿ. ಸೌದೆ ಬಿಡಲಾಗದ ಮನೆಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯಂತಹ, ಹೊಗೆಕೊಳವೆಯುಳ್ಳ ಒಲೆಯನ್ನಾದರೂ ಹಾಕಿಸಿಕೊಳ್ಳಿ. ಸೌದೆಯನ್ನು ಸಣ್ಣಗೆ ಸೀಳಿ, ಒಣಗಿಸಿ ಹಾಕಿ. ಕೊಳವೆಯಲ್ಲಿ ಕಟ್ಟಿದ ಮಸಿಯನ್ನು ಆಗಾಗ ತೆಗೆಯಿರಿ. ಮಸಿ ಕಟ್ಟಿದರೆ ಹೊಗೆ ತಿರುಗಿ ಮನೆಯೊಳಗೇ ಬರುತ್ತದೆ.