ಕಾರ್ಡು ಬಂತು, ಕಾರ್ಡು ಬರೆಯುವ ಕೈ ಬರಲಿಲ್ಲ

ನಮಸ್ಕಾರ. ಪರ್ಯಾಯ ಶಿಕ್ಷಣದ ಮಾತು ಬಂದಾಗಲೆಲ್ಲ ನಾವು ಶಾಲೆಗಳ ಹೆಸರುಗಳನ್ನು ಹೇಳುತ್ತೇವೆ, ಅಲ್ಲಿನ ಮರಗಿಡಗಳನ್ನೂ ಹೆಂಚಿನ ಕಟ್ಟಡಗಳನ್ನೂ ಕೊಂಡಾಡುತ್ತೇವೆ. ಆ ಶಾಲೆಗಳಲ್ಲಿ ಪಳಗಿದ ಶಿಕ್ಷಕರು ಮುಂದೆ ಎಲ್ಲಿ ಹೋದರು, ಏನು ಮಾಡಿದರು ಎಂದು ವಿಚಾರಿಸುವವರು ಕಡಿಮೆ. ಶಿಕ್ಷಣತಜ್ಞ ಡೇವಿಡ್ ಹಾರ್ಸ್‌ಬರೋ ಅವರ ವೃತ್ತಿಜೀವನವನ್ನು ಮುಂದಿಟ್ಟುಕೊಂಡು ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟು: ಕರ್ನಾಟಕದ ಸರ್ಕಾರಿ ಶಾಲೆಗಳು ಪರ್ಯಾಯ ಶಾಲೆಗಳಿಂದ ಕಲಿಕಾ ಸಾಮಗ್ರಿಯನ್ನು, ಅಂದರೆ ಪಾಠದ ಚಟುವಟಿಕೆಗಳನ್ನು ಬರೆದ ಕಾರ್ಡುಗಳನ್ನು, ಪಡೆದುಕೊಂಡವು, ಆದರೆ ಆ ಸಾಮಗ್ರಿಯನ್ನು ಸ್ವತಃ ರಚಿಸುವ, ಬೇಕೆಂದಾಗ ಬದಲಿಸುವ ಅಧಿಕಾರವನ್ನು ಶಿಕ್ಷಕರ ಕೈಗೆ ಕೊಡಲಿಲ್ಲ. ನಮ್ಮ ಶಾಲಾ ಸುಧಾರಣೆ ಕುಂಟುತ್ತಿರುವುದಕ್ಕೆ ಇದೇ ದೊಡ್ಡ ಕಾರಣ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಾಯುಪಡೆಯೊಂದಿಗೆ ಭಾರತಕ್ಕೆ ಬಂದ ಹಾರ್ಸ್‌ಬರೋ ಮುಂದೆ ರಿಷಿ ವ್ಯಾಲಿ ಶಾಲೆಯಲ್ಲಿ ಪಾಠ ಮಾಡಿದರು, ಬ್ರಿಟಿಷ್ ಕೌನ್ಸಿಲ್‌ನಲ್ಲಿ ಕೆಲಸ ಮಾಡಿದರು, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿದ್ದರು, ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಬರೆದರು. ಇಷ್ಟರಲ್ಲೇ ನೆಮ್ಮದಿಯಾಗಿ ನಿವೃತ್ತರಾಗಬಹುದಿತ್ತು. ಅದರ ಬದಲು 1972ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡಿರುವ ರಾಯಲ್ಪಾಡಿನ ಬಳಿ ನೀಲ್‌ಬಾಗ್ ಎಂಬ ಶಾಲೆಯನ್ನು ಆರಂಭಿಸಿದರು. ಸುತ್ತಲಿನ ಹಳ್ಳಿಯ ಮಕ್ಕಳಿಗೆ ಅಲ್ಲಿ ಶುಲ್ಕವಿರಲಿಲ್ಲ. ಪರೀಕ್ಷೆಯಾಗಲಿ ಬಹುಮಾನವಾಗಲಿ ಶಿಕ್ಷೆಯಾಗಲಿ ಇರಲಿಲ್ಲ. ವಯಸ್ಸಿಗೆ ತಕ್ಕ ತರಗತಿಗಳ ಬದಲು ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಗುಂಪಿನಲ್ಲಿ ಕುಳಿತು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ತೆಲುಗು, ಸಂಸ್ಕೃತ, ಇಂಗ್ಲಿಷ್, ಗಣಿತಗಳ ಜೊತೆಗೆ ಮರಗೆಲಸ, ಹೊಲಿಗೆ, ಗಾರೆ ಕೆಲಸ, ತೋಟಗಾರಿಕೆ, ಸಂಗೀತಗಳಿಗೂ ವೇಳಾಪಟ್ಟಿಯಲ್ಲಿ ಗೌರವದ ಸ್ಥಾನವಿತ್ತು. ಕಲಿಕಾ ಸಾಮಗ್ರಿಗೆ ಬೇಕಾದ ಚಿತ್ರಗಳನ್ನು ಅವರೇ ಬರೆಯುತ್ತಿದ್ದರು, ಅವುಗಳಲ್ಲಿ ಆಗಾಗ ಹಾಸ್ಯವೂ ಇಣುಕುತ್ತಿತ್ತು.

ಇದೆಲ್ಲಕ್ಕಿಂತ ಮುಖ್ಯವೆಂದು ನನಗೆ ತೋರುವುದು ಅವರು ಶಿಕ್ಷಕರನ್ನು ತಯಾರು ಮಾಡಿದ ರೀತಿ. ಬೆರಳೆಣಿಕೆಯ ಜನ ಅಲ್ಲಿಗೆ ಬಂದು, ಅಲ್ಲಿಯೇ ಇದ್ದು, ಮಕ್ಕಳೊಂದಿಗೆ ಕೆಲಸ ಮಾಡುತ್ತಲೇ ಶಿಕ್ಷಕರಾದರು. ಪಾಠ ಮಾಡುವವನಿಗೆ ಪಾಠದ ಸಾಮಗ್ರಿಯನ್ನು ತಾನೇ ಸಿದ್ಧಪಡಿಸಿಕೊಳ್ಳುವುದು ಗೊತ್ತಿರಬೇಕು, ಅದು ಮಗುವಿಗೆ ಒಗ್ಗದಿದ್ದರೆ ಮರುದಿನವೇ ಬೇರೆಯದನ್ನು ಮಾಡಲು ಬರಬೇಕು ಎಂಬುದು ಆ ತರಬೇತಿಯ ಜೀವಾಳವಾಗಿತ್ತು. ಅಲ್ಲಿಂದ ಹೊರಟವರಲ್ಲಿ ಕೆಲವರು ತಮ್ಮದೇ ಸಣ್ಣ ಶಾಲೆಗಳನ್ನು ಕಟ್ಟಿದರು, ಬೆಂಗಳೂರಿನ ವಿಕಾಸನ ಅಂಥದ್ದೊಂದು. ಹಾರ್ಸ್‌ಬರೋ 1984ರಲ್ಲಿ ತೀರಿಕೊಂಡರು. ನೀಲ್‌ಬಾಗ್ ಅದರ ನಂತರ ಹೆಚ್ಚು ಕಾಲ ಹಳೆಯ ರೂಪದಲ್ಲಿ ಉಳಿಯಲಿಲ್ಲ. ಶಾಲೆ ಉಳಿಯಲಿಲ್ಲವೆಂಬ ಕಾರಣಕ್ಕೆ ಪ್ರಯೋಗವೇ ಸೋತಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ಏಕೆಂದರೆ ಕಥೆಯ ಮುಂದಿನ ಭಾಗ ನಡೆದದ್ದೇ ಆಮೇಲೆ.

ಗಡಿಯಾಚೆ ಮದನಪಲ್ಲಿಯ ಸಮೀಪದ ರಿಷಿ ವ್ಯಾಲಿಯಲ್ಲಿ, 1980ರ ದಶಕದ ಕೊನೆಯ ಹೊತ್ತಿಗೆ, ನೀಲ್‌ಬಾಗ್‌ನಲ್ಲಿ ಪಳಗಿದ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಹಳ್ಳಿಯ ಸಣ್ಣ ಶಾಲೆಗಳಿಗಾಗಿ ಕಾರ್ಡುಗಳ ಒಂದು ಪದ್ಧತಿಯನ್ನು ರೂಪಿಸಿದರು. ಇಡೀ ಪಠ್ಯವನ್ನು ಸಣ್ಣ ಸಣ್ಣ ಚಟುವಟಿಕೆಗಳಾಗಿ ಒಡೆದು, ಅವುಗಳನ್ನು ಕಲಿಕಾ ಏಣಿಯ ಮೇಲೆ ಕ್ರಮವಾಗಿ ಜೋಡಿಸುವುದು ಅದರ ತಿರುಳು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಯುನಿಸೆಫ್ ನೆರವಿನಿಂದ ಅಲ್ಲಿಗೆ ಹೋಗಿ ನೋಡಿ ಬಂದು, ನಮ್ಮ ಮಕ್ಕಳಿಗೂ ಇದು ಆಗುತ್ತದೆ ಎಂದು ನಿರ್ಧರಿಸಿದರು. ಅವರು ಕಂಡದ್ದನ್ನು ನಕಲು ಮಾಡಲಿಲ್ಲ. ತಮ್ಮ ಊರಿನ ಹಾಡು, ಒಗಟು, ಕಥೆಗಳನ್ನು ಸೇರಿಸಿ ಕಾರ್ಡುಗಳನ್ನು ತಾವೇ ಬರೆದರು. ನಮ್ಮ ಸರ್ಕಾರಿ ಶಾಲೆಗಳ ನಲಿ ಕಲಿ ಪದ್ಧತಿ ಹುಟ್ಟಿದ್ದು ಹೀಗೆ.

ಆ ಕೆಲಸದಲ್ಲಿ ಎಷ್ಟು ಯೋಚನೆಯಿತ್ತು ಎಂಬುದಕ್ಕೆ ಅಕ್ಷರ ಕಲಿಕೆಯನ್ನೇ ನೋಡಿ. ನಾವೆಲ್ಲ ಅ, ಆ, ಇ, ಈ ಎಂದು ವರ್ಣಮಾಲೆಯನ್ನು ಬಾಯಿಪಾಠ ಮಾಡಿದವರು. ಸುಮಾರು ಐವತ್ತು ಅಕ್ಷರಗಳು ಮುಗಿಯುವ ತನಕ ಒಂದು ನೆಟ್ಟಗಿನ ಪದ ಓದುವ ಯೋಗವೂ ನಮಗಿರಲಿಲ್ಲ. ನಲಿ ಕಲಿಯ ಮಗು ಆರಂಭಿಸುವುದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ. ಈ ಐದೇ ಅಕ್ಷರಗಳು ಕೈವಶವಾದರೆ ಸರ, ದರ, ಅರಸ, ಅಗಸ, ಗರಗಸ ಎಂದು ಮಗು ಓದಬಲ್ಲದು, ಒತ್ತಕ್ಷರ ಬೇಡ, ಗುಣಿತಾಕ್ಷರವೂ ಬೇಡ. ಬರೆಯಲು ಸುಲಭವೋ, ಒಂದಕ್ಕೊಂದು ಸೇರಿ ಪದವಾಗುತ್ತವೆಯೋ ಎಂದು ತೂಗಿ ನೋಡಿ ಮಾಡಿದ ಆಯ್ಕೆಯಿದು, ಒಂದನೆಯ ತರಗತಿಯ ಮಗುವಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತವರಿಗೆ ಮಾತ್ರ ಹೊಳೆಯುವಂಥದ್ದು. ಮಗು ಏಣಿಯಲ್ಲಿ ತಾನಿರುವ ಮೆಟ್ಟಿಲನ್ನು ಗುರುತಿಸಿಕೊಂಡು, ಅದರ ಚಿಹ್ನೆಯಿರುವ ಕಾರ್ಡನ್ನು ತಾನೇ ಎತ್ತಿಕೊಂಡು, ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ಬೆಂಬಲ, ಇನ್ನೊಂದಕ್ಕೆ ಭಾಗಶಃ, ಮತ್ತೊಂದಕ್ಕೆ ಸಹಪಾಠಿಗಳ ಬೆಂಬಲ, ಕೊನೆಯ ಗುಂಪಿನದು ಸ್ವಕಲಿಕೆ. ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಬಳಿದು, ಮಗುವಿನ ಕೈಗೆಟುಕುವಂತೆ ಅದಕ್ಕೊಂದು ಹಲಗೆ.

2009-10ರಲ್ಲಿ ಸರ್ಕಾರ ಇದನ್ನು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಿತು. ಇಷ್ಟು ದೊಡ್ಡ ಮಟ್ಟದಲ್ಲಿ ಪರ್ಯಾಯ ಪದ್ಧತಿಯೊಂದನ್ನು ಅಪ್ಪಿಕೊಂಡ ರಾಜ್ಯಗಳು ದೇಶದಲ್ಲಿ ಹೆಚ್ಚಿಲ್ಲ, ಆ ಧೈರ್ಯವನ್ನು ಮೆಚ್ಚಲೇಬೇಕು. ಆದರೆ ಎಚ್.ಡಿ. ಕೋಟೆಯಲ್ಲಿ ಶಿಕ್ಷಕರು ಬರೆದ ಕಾರ್ಡು, ಬೀದರಿನಲ್ಲೋ ಕಾರವಾರದಲ್ಲೋ ಇದ್ದ ಶಿಕ್ಷಕರಿಗೆ ಅಚ್ಚಾಗಿ ಬಂದ ಕಾರ್ಡಾಯಿತು. ರಾಜ್ಯ ಸಂಪನ್ಮೂಲ ವ್ಯಕ್ತಿಗಳು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ, ತಾಲ್ಲೂಕಿನವರು ಶಿಕ್ಷಕರಿಗೆ ಎಂದು ತರಬೇತಿ ಮೇಲಿನಿಂದ ಕೆಳಕ್ಕೆ ಇಳಿಯಿತು. ಈ ಕಾರ್ಡು ಯಾಕೆ ಹೀಗಿದೆ ಎಂಬ ಪ್ರಶ್ನೆ ದಾರಿಯಲ್ಲೆಲ್ಲೋ ಕಳಚಿಬಿದ್ದು, ಯಾವ ಕಾರ್ಡಿನ ನಂತರ ಯಾವ ಕಾರ್ಡು ಎಂಬ ವಿವರ ಮಾತ್ರ ತಳ ಮುಟ್ಟಿತು. ಬೀದರಿನ ಮಗುವಿನ ಮನೆಮಾತಿಗೆ ಹೊಂದದ ಪದವೊಂದು ಕಾರ್ಡಿನಲ್ಲಿದ್ದರೆ ಅದನ್ನು ಹೊಡೆದುಹಾಕಿ ಬೇರೆ ಪದ ಬರೆಯುವ ಹಕ್ಕು ತನಗಿದೆ ಎಂದು ಎಷ್ಟು ಶಿಕ್ಷಕರಿಗೆ ಅನ್ನಿಸಿತು? ತಪಾಸಣೆಗೆ ಬಂದವರು ನೋಡುವುದು ಮಗುವಿನ ಕಲಿಕೆಯನ್ನು ದಾಖಲಿಸುವ ಪ್ರಗತಿ ನೋಟದಲ್ಲಿ ಗುರುತು ಬಿದ್ದಿದೆಯೇ ಎಂದು. ಮಗು ಏಣಿ ಹತ್ತಿತೋ ಇಲ್ಲವೋ, ದಾಖಲೆಯಂತೂ ಹತ್ತಿರುತ್ತದೆ.

ಸಾವಿರಾರು ಶಾಲೆಗಳಲ್ಲಿ ಪ್ರತಿಯೊಬ್ಬ ಶಿಕ್ಷಕರೂ ಸಾಮಗ್ರಿ ಬರೆಯುವವರಾಗಲಿ ಎಂದು ಕಾಯುತ್ತ ಕೂತರೆ ಒಂದು ತಲೆಮಾರಿನ ಮಕ್ಕಳು ಕೈತಪ್ಪಿಹೋಗುತ್ತಾರೆ, ನೀಲ್‌ಬಾಗ್ ತರಬೇತಿ ಕೊಟ್ಟದ್ದು ಕೆಲವೇ ಜನರಿಗೆ ತಾನೇ ಎಂದು ಆಡಳಿತದಲ್ಲಿರುವವರು ಕೇಳುತ್ತಾರೆ. ಈ ಆಕ್ಷೇಪ ಹಗುರವಾದದ್ದಲ್ಲ. ಪರ್ಯಾಯ ಶಾಲೆಗಳವರಿಗೆ ಇದಕ್ಕೆ ಸಿದ್ಧ ಉತ್ತರವೂ ಇಲ್ಲ. ನಗರದ ಅನೇಕ ಪರ್ಯಾಯ ಶಾಲೆಗಳು ಇಂದು ದುಬಾರಿ ಶುಲ್ಕ ತೆರಬಲ್ಲವರ ಆಯ್ಕೆಯಾಗಿ, ಪಕ್ಕದ ಸರ್ಕಾರಿ ಶಾಲೆಯ ಕಡೆ ತಿರುಗಿಯೂ ನೋಡುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಆದರೆ ಆಕ್ಷೇಪ ಒಂದು ಸಂಗತಿಯನ್ನು ಮರೆಯುತ್ತದೆ. ಹಾರ್ಸ್‌ಬರೋ ಬೇಕೆಂದೇ ಆರಿಸಿಕೊಂಡ ಬಹುವಯಸ್ಸಿನ ಗುಂಪು ನಮ್ಮ ಹಳ್ಳಿಗಳ ಕಿರಿಯ ಪ್ರಾಥಮಿಕ ಶಾಲೆಗಳಿಗೆ ಅನಿವಾರ್ಯವಾಗಿ ಬಂದಿರುವ ಸ್ಥಿತಿ. ಒಂದರಿಂದ ಐದನೆಯ ತರಗತಿಯವರೆಗೆ ಒಬ್ಬರೋ ಇಬ್ಬರೋ ಶಿಕ್ಷಕರಿರುವ ಕಡೆ, ಒಂದು ತರಗತಿ, ಒಂದು ಪುಸ್ತಕ, ಒಬ್ಬ ಶಿಕ್ಷಕ ಎಂಬ ಲೆಕ್ಕಾಚಾರ ಕಾಗದದ ಮೇಲಷ್ಟೇ ನಡೆಯುತ್ತದೆ. ನಲಿ ಕಲಿಯಲ್ಲಿ ಮೂರು ವರ್ಷ ನೆಲದ ಮೇಲೆ ಗುಂಪಿನಲ್ಲಿ ಕುಳಿತು ಕಲಿತ ಮಗು ನಾಲ್ಕನೆಯ ತರಗತಿಗೆ ಬಂದ ಕೂಡಲೇ ಸಾಲಾಗಿ ಕೂತು ಪಠ್ಯಪುಸ್ತಕ ತೆರೆಯಬೇಕು, ಅದಕ್ಕೆ ಪಾಠ ಹೇಳುವವರು ಹಲವೆಡೆ ಅದೇ ಶಿಕ್ಷಕರು. ಬೆಳಿಗ್ಗೆ ಒಂದು ಶಿಕ್ಷಣ ತತ್ವ, ಮಧ್ಯಾಹ್ನ ಇನ್ನೊಂದು.

ಕಾನೂನಿನ ಮಾತನ್ನೂ ಬಿಡುವಂತಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಮಾನ್ಯತೆಗೆ ಕಟ್ಟಡ, ಸೌಕರ್ಯಗಳ ಮಾನದಂಡ ವಿಧಿಸಿತು, ವಯಸ್ಸಿಗೆ ತಕ್ಕ ತರಗತಿ ಎಂದಿತು, ಶಿಕ್ಷಕರಿಗೆ ನಿಗದಿತ ವಿದ್ಯಾರ್ಹತೆಯನ್ನು ಕಡ್ಡಾಯಗೊಳಿಸಿತು. ನೀಲ್‌ಬಾಗ್‌ನಲ್ಲಿ ಪಳಗಿದ ಶಿಕ್ಷಕರೊಬ್ಬರು ಇಂದು ಡಿ.ಎಲ್.ಎಡ್. ಎಂಬ ಶಿಕ್ಷಕ ತರಬೇತಿ ಡಿಪ್ಲೊಮಾ ಆಗಲಿ ಟಿಇಟಿ ಎಂಬ ಶಿಕ್ಷಕರ ಅರ್ಹತಾ ಪರೀಕ್ಷೆಯ ತೇರ್ಗಡೆಯಾಗಲಿ ಇಲ್ಲದೆ ಬಂದರೆ ಮಾನ್ಯತೆ ಪಡೆದ ಶಾಲೆ ಅವರನ್ನು ನೇಮಿಸಿಕೊಳ್ಳುವಂತಿಲ್ಲ. ಕಾಯ್ದೆಯನ್ನು ಇದಕ್ಕಾಗಿ ಹಳಿಯಲು ನಾನು ಸಿದ್ಧನಿಲ್ಲ. ತರಬೇತಿಯೂ ಇಲ್ಲದ, ಸರಿಯಾದ ಸಂಬಳವೂ ಇಲ್ಲದ ಗುತ್ತಿಗೆ ಶಿಕ್ಷಕರಿಂದ ಬಡವರ ಶಾಲೆಗಳನ್ನು ತೂಗಿಸಿದ ರಾಜ್ಯಗಳಿದ್ದವು, ಅದಕ್ಕೆ ಕಡಿವಾಣ ಬೇಕಿತ್ತು. ನನ್ನ ತಕರಾರು ಪ್ರಮಾಣಪತ್ರದ ಬಗ್ಗೆಯಲ್ಲ, ಅದು ಸಿಕ್ಕ ಮೇಲೆ ನಡೆಯುವುದರ ಬಗ್ಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಅಭಿವೃದ್ಧಿಯನ್ನು ನಿರೀಕ್ಷಿಸುತ್ತದೆ. ದೀಕ್ಷಾ ಎಂಬ ಸರ್ಕಾರಿ ಆನ್‌ಲೈನ್ ವೇದಿಕೆಯ ಕೋರ್ಸು ಮುಗಿಸಿ ಪ್ರಮಾಣಪತ್ರ ಇಳಿಸಿಕೊಂಡರೆ ಗಂಟೆ ಲೆಕ್ಕಕ್ಕೆ ಸಿಗುತ್ತದೆ. ಒಂದು ಕಾರ್ಡನ್ನು ಬರೆದು, ಮಕ್ಕಳ ಮುಂದಿಟ್ಟು, ಕೆಲಸ ಮಾಡಲಿಲ್ಲವೆಂದು ಹರಿದು, ಮತ್ತೆ ಬರೆದ ಗಂಟೆಗಳು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಹಾಗಾದರೆ ಏನು ಮಾಡಬಹುದು? ಹೊಸ ಯೋಜನೆ ಬೇಡ, ಹೊಸ ಹೆಸರಂತೂ ಬೇಡವೇ ಬೇಡ. ಕ್ಲಸ್ಟರ್ ಮಟ್ಟದಲ್ಲಿ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ ಮಟ್ಟದಲ್ಲಿ, ಶಿಕ್ಷಕರ ಸಮಾಲೋಚನಾ ಸಭೆ ಈಗಾಗಲೇ ಇದೆ. ಸುತ್ತೋಲೆ ಓದಿ, ಅಂಕಿಅಂಶ ಒಪ್ಪಿಸಿ, ಊಟ ಮಾಡಿ ಏಳುವುದರ ಬದಲು ಆ ಸಭೆಯಲ್ಲಿ ಪ್ರತಿ ಶಾಲೆಯವರು ತಾವು ಬದಲಿಸಿದ ಒಂದು ಕಾರ್ಡನ್ನು ತಂದು ಉಳಿದವರ ಮುಂದೆ ಇಡಲಿ. ಇಲಾಖೆ ಕಲಿಕಾ ಏಣಿಯ ಪ್ರತಿ ಮೈಲುಗಲ್ಲಿನಲ್ಲಿ ಒಂದಷ್ಟು ಕಾರ್ಡುಗಳನ್ನು ಖಾಲಿ ಬಿಟ್ಟೇ ಕಳಿಸಲಿ, ಅವುಗಳನ್ನು ತುಂಬುವ ಹೊಣೆ ಕ್ಲಸ್ಟರಿನ ಶಿಕ್ಷಕರದ್ದಾಗಲಿ. ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಗಳು ಶಾಲೆಗೆ ಹೋದಾಗ ಎಸ್‌ಎಟಿಎಸ್ ಎಂಬ ವಿದ್ಯಾರ್ಥಿ ದತ್ತಾಂಶ ವ್ಯವಸ್ಥೆಯ ನಮೂದು ಮುಗಿಯಿತೇ ಎಂದು ಕೇಳುವ ಮೊದಲು ಆ ಕಾರ್ಡುಗಳನ್ನು ಕೇಳಲಿ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು (ಡಯಟ್) ಅವುಗಳಲ್ಲಿ ಗಟ್ಟಿಯಾದವನ್ನು ಆಯ್ದು, ಬರೆದವರ ಹೆಸರು ಹಾಕಿ, ಜಿಲ್ಲೆಗೆಲ್ಲ ಅಚ್ಚು ಹಾಕಿಸಲಿ. ಇದಕ್ಕೆ ಕಾಯ್ದೆ ತಿದ್ದುಪಡಿಯಾಗಲಿ ಹೊಸ ಹುದ್ದೆಯಾಗಲಿ ಬೇಕಿಲ್ಲ. ಅಚ್ಚಾದ ಕಾರ್ಡನ್ನು ಶಿಕ್ಷಕರು ತಿದ್ದಬಹುದು ಎಂದು ಇಲಾಖೆ ಲಿಖಿತವಾಗಿ ಹೇಳಬೇಕು, ಮತ್ತು ತಿದ್ದಿದ ಶಿಕ್ಷಕರಿಗೆ ತಪಾಸಣೆಯ ದಿನ ನೋಟಿಸು ಬರಬಾರದು.