ದೇವರ ಭಯ ಮತ್ತು ಹದಿಹರೆಯದ ಅಪರಾಧ

ಕೇಳುಗರಿಗೆ ನಮಸ್ಕಾರ. ಹುಡುಗನೊಬ್ಬ ಕಳವಿನ ಪ್ರಕರಣದಲ್ಲಿ ಸಿಕ್ಕಿಬಿದ್ದ ಸುದ್ದಿ ಕಿವಿಗೆ ಬಿದ್ದರೆ, ‘ಈಗಿನ ಮಕ್ಕಳಿಗೆ ದೇವರು ದಿಂಡರು ಎಂಬ ಭಯವೇ ಇಲ್ಲ’ ಎಂದು ಹಿರಿಯರು ನಿಟ್ಟುಸಿರು ಬಿಡುವುದುಂಟು. ಪರಲೋಕದ ಶಿಕ್ಷೆಯನ್ನು ನಂಬಿದವನು ತಪ್ಪು ಮಾಡಲು ಹಿಂಜರಿಯುತ್ತಾನೆ ಎಂಬ ಊಹೆ ಈ ಮಾತಿನಲ್ಲಿದೆ. ಅಮೆರಿಕದ ಸಮಾಜಶಾಸ್ತ್ರಜ್ಞರು ಈ ಊಹೆಯನ್ನೇ ಪರೀಕ್ಷೆಗೆ ಒಡ್ಡಿದ್ದಾರೆ.

ಟ್ರಾವಿಸ್ ಹರ್ಶಿ ಮತ್ತು ರಾಡ್ನಿ ಸ್ಟಾರ್ಕ್ ಕ್ಯಾಲಿಫೋರ್ನಿಯಾದ ರಿಚ್ಮಂಡ್ ಪ್ರದೇಶದ ಶಾಲಾ ಮಕ್ಕಳನ್ನು ಕುರಿತ ತಮ್ಮ ಅಧ್ಯಯನವನ್ನು 1969ರಲ್ಲಿ ಪ್ರಕಟಿಸಿದರು. ಚರ್ಚಿಗೆ ಎಷ್ಟು ಬಾರಿ ಹೋಗುತ್ತೀರಿ, ಸೈತಾನನನ್ನೂ ಸಾವಿನ ನಂತರದ ಬದುಕನ್ನೂ ನಂಬುತ್ತೀರಾ ಎಂದು ಕೇಳಿದ ಅವರು, ಕದ್ದದ್ದು, ಪರರ ಸ್ವತ್ತನ್ನು ಹಾಳುಗೆಡವಿದ್ದು, ಯಾರನ್ನಾದರೂ ಹೊಡೆದದ್ದು ಇವೆಲ್ಲವನ್ನೂ ಕೇಳಿ, ಪೊಲೀಸ್ ದಾಖಲೆಗಳನ್ನೂ ಜೊತೆಗಿಟ್ಟು ನೋಡಿದರು. ನರಕವನ್ನು ನಂಬಿದವರೂ ನಂಬದವರೂ ತಪ್ಪುಗಳಲ್ಲಿ ಹೆಚ್ಚುಕಡಿಮೆ ಸಮಾನರಾಗಿಯೇ ಕಂಡರು. ಧರ್ಮಗುರುಗಳಿಗೆ ಇದು ರುಚಿಸದಿದ್ದರೆ ಆಶ್ಚರ್ಯವಿಲ್ಲ.

ಆದರೆ ಅದೇ ಸ್ಟಾರ್ಕ್ 1982ರಲ್ಲಿ, ಬೇರೆ ಇಬ್ಬರ ಜೊತೆಗೂಡಿ, ತಮ್ಮ ಹಳೆಯ ತೀರ್ಮಾನವನ್ನು ತಿದ್ದಿ ಬರೆದರು. ವಿದ್ವಾಂಸರಲ್ಲಿ ಇದು ಅಪರೂಪವೆಂದೇ ಹೇಳಬೇಕು. ಮಾರ್ಮನ್ ಎಂಬ ಕ್ರೈಸ್ತ ಪಂಥದವರೇ ತುಂಬಿರುವ ಯೂಟಾ ರಾಜ್ಯದ ಪ್ರೋವೊ ನಗರದಲ್ಲಿ ಭಕ್ತಿಯುಳ್ಳ ಹುಡುಗರು ಅಪರಾಧಕ್ಕಿಳಿಯುವುದು ಸ್ಪಷ್ಟವಾಗಿ ಕಡಿಮೆಯಿತ್ತು. ಚರ್ಚಿನ ಬಳಕೆ ವಿರಳವಾಗಿದ್ದ ಪಶ್ಚಿಮ ಕರಾವಳಿಯ ಸಿಯಾಟಲ್‌ನಲ್ಲಿ ಆ ನಂಟು ತೀರಾ ಸಡಿಲವಾಗಿತ್ತು. ಓರಗೆಯವರು, ನೆರೆಹೊರೆಯವರು, ಮೇಷ್ಟ್ರು ಎಲ್ಲರೂ ಒಂದೇ ನಂಬಿಕೆಯನ್ನು ದಿನನಿತ್ಯ ಬಾಳುವ ಕಡೆ ಮಾತ್ರ ಅದು ಹುಡುಗನ ಕೈ ಹಿಡಿದು ನಿಲ್ಲಿಸುತ್ತದೆ. ಒಬ್ಬಂಟಿಯ ಎದೆಯೊಳಗಿನ ನಂಬಿಕೆಗೆ ಆ ಶಕ್ತಿ ಸಾಲದು ಎಂಬುದು ಅವರ ವಾದ. ನನಗೂ ಇದೇ ಒಪ್ಪಿಗೆ. ಮುಂದೆ 2001ರಲ್ಲಿ 60 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಧರ್ಮಶ್ರದ್ಧೆ ಅಪರಾಧವನ್ನು ತಡೆಯುವುದು ನಿಜ, ಆದರೆ ಸಾಧಾರಣ ಪ್ರಮಾಣದಲ್ಲಿ ಎಂದು ತಿಳಿಯಿತು.

ಬೋಸ್ಟನ್ ನಗರದಲ್ಲಿ ಈ ಪ್ರಶ್ನೆ ಬೀದಿಗೇ ಇಳಿಯಿತು. 1992ರ ಮೇ ತಿಂಗಳಲ್ಲಿ, ಕೊಲೆಯಾದ ತರುಣನೊಬ್ಬನ ಅಂತ್ಯಸಂಸ್ಕಾರ ನಡೆಯುತ್ತಿದ್ದ ಮಾರ್ನಿಂಗ್ ಸ್ಟಾರ್ ಬ್ಯಾಪ್ಟಿಸ್ಟ್ ಚರ್ಚಿಗೇ ನುಗ್ಗಿದ ಗುಂಪೊಂದು, ಪ್ರಾರ್ಥಿಸುತ್ತಿದ್ದವರ ಕಣ್ಣೆದುರೇ ಇನ್ನೊಬ್ಬ ಹುಡುಗನನ್ನು ಹೊಡೆದು ಇರಿಯಿತು. ದೇವರ ಮನೆಯೇ ಆ ಹುಡುಗರನ್ನು ಹೆದರಿಸಲಿಲ್ಲ. ಯೂಜೀನ್ ರಿವರ್ಸ್, ಜೆಫ್ರಿ ಬ್ರೌನ್, ರೇ ಹ್ಯಾಮಂಡ್ ಮೊದಲಾದ ಪಾದ್ರಿಗಳು ಟೆನ್ ಪಾಯಿಂಟ್ ಕೊಯಲಿಷನ್ ಎಂಬ ಒಕ್ಕೂಟ ಕಟ್ಟಿ, ಪ್ರವಚನಪೀಠ ಬಿಟ್ಟು ರಾತ್ರಿಹೊತ್ತು ಬೀದಿಗಳಲ್ಲಿ ಅಡ್ಡಾಡಿ ಹುಡುಗರನ್ನು ಮಾತನಾಡಿಸತೊಡಗಿದರು. 1990ರಲ್ಲಿ 152 ಕೊಲೆಗಳನ್ನು ಕಂಡಿದ್ದ ಆ ನಗರದಲ್ಲಿ 1999ರ ಹೊತ್ತಿಗೆ ಅವು 31ಕ್ಕೆ ಇಳಿದವು. ಈ ಶ್ರೇಯಸ್ಸೆಲ್ಲ ಪಾದ್ರಿಗಳದ್ದಲ್ಲ; ಹುಡುಗರ ಗುಂಪುಗಳ ಗುಂಡಿನ ಕಾಳಗ ತಡೆಯಲು ಪೊಲೀಸರು ನಡೆಸಿದ ‘ಸೀಸ್‌ಫೈರ್’ ಕಾರ್ಯಾಚರಣೆಯೂ ಇತ್ತು, ಆ ದಶಕದಲ್ಲಿ ಅಮೆರಿಕದ ಬೇರೆ ನಗರಗಳಲ್ಲೂ ಕೊಲೆಗಳು ತಗ್ಗಿದ್ದವು. ಆದರೆ ಯಾವ ಹುಡುಗನನ್ನು ಜೈಲಿಗೆ ಕಳುಹಿಸದೆ ಗತ್ಯಂತರವಿಲ್ಲ, ಯಾರಿಗೆ ಇನ್ನೊಂದು ಅವಕಾಶ ಕೊಡಬಹುದು ಎಂಬುದನ್ನು ಪೊಲೀಸರಿಗೆ ಬಿಡಿಸಿ ಹೇಳಬಲ್ಲವರಾದದ್ದು ಈ ಪಾದ್ರಿಗಳೇ, ಅದೂ ಚರ್ಚಿನ ಮೆಟ್ಟಿಲು ಹತ್ತದ ಹುಡುಗರ ವಿಷಯದಲ್ಲಿ.