ಜಗತಿಯಿಲ್ಲದ ಗುಡಿಗೆ ಎಲ್ಲರೂ ಹೋಗುವಂತಾಗಲಿ: ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯ

ಎಲ್ಲರಿಗೂ ನಮಸ್ಕಾರ. ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿ ರಜಾದಿನಗಳಂದು ಪ್ರವಾಸಿಗರ ವಾಹನಗಳು ಸಾಲುಗಟ್ಟಿ ಸಾಗುತ್ತವೆ. ಆ ದಾರಿಯಲ್ಲಿ ಕೆಲವೇ ಕಿಲೋಮೀಟರು ಒಳಕ್ಕೆ ತಿರುಗಿದರೆ ಸಿಗುವ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯದತ್ತ ಹೊರಳುವವರು ಮಾತ್ರ ಬಹಳ ಕಡಿಮೆ. ಈ ಸಂಚಿಕೆಯಲ್ಲಿ ಆ ದೇವಾಲಯದ ಬಗ್ಗೆಯೂ, ನಡೆಯಲು ಕಷ್ಟಪಡುವವರು, ಗಾಲಿಕುರ್ಚಿ ಬಳಸುವವರು, ಕಣ್ಣು ಕಾಣದವರು ಅಲ್ಲಿಗೆ ಹೋಗಿ ನೆಮ್ಮದಿಯಿಂದ ದರ್ಶನ ಮಾಡಿ ಬರುವುದು ಹೇಗೆ ಸಾಧ್ಯವಾಗಬೇಕು ಎಂಬುದರ ಬಗ್ಗೆಯೂ ಮಾತನಾಡಲಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕರ್ನಾಟಕದಲ್ಲಿ ಪುರಾತನ ದೇವಾಲಯಗಳನ್ನು ಎಲ್ಲರಿಗೂ ಸುಗಮಗೊಳಿಸುವ ಕೆಲಸ ಆರಂಭವಾಗಬೇಕಾದದ್ದು ಹೆಸರಾಂತ ದೊಡ್ಡ ದೇವಾಲಯಗಳಿಂದಲ್ಲ, ದೊಡ್ಡಗದ್ದವಳ್ಳಿಯಂತಹ ಸಣ್ಣ ಗುಡಿಗಳಿಂದ.

ಈ ಗುಡಿ ಕಟ್ಟಲ್ಪಟ್ಟದ್ದು ಕ್ರಿ.ಶ. 1113-14ರ ಸುಮಾರಿಗೆ, ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ ಎಂಬುದನ್ನು ನೆನೆದರೆ, ನಾವು ನೋಡದೆ ದಾಟಿಹೋಗುವ ಈ ಗುಡಿ ನಾವು ನೋಡಲೆಂದು ಹೊರಟ ದೇವಾಲಯಕ್ಕಿಂತ ಹಿರಿಯದು ಎಂಬುದು ತಿಳಿಯುತ್ತದೆ. ಇದನ್ನು ಕಟ್ಟಿಸಿದವರು ಅರಸರಲ್ಲ, ದಂಡನಾಯಕರೂ ಅಲ್ಲ. ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಶಾಸನದಲ್ಲಿ ಈ ಊರಿಗೆ ಅಭಿನವ ಕೊಲ್ಲಾಪುರವೆಂಬ ಹೆಸರಿದೆ. ಕೊಲ್ಲಾಪುರದ ಮಹಾಲಕ್ಷ್ಮಿಯನ್ನು ತಮ್ಮ ಊರಿನಲ್ಲೇ ಕಾಣಬೇಕೆಂಬ ಆಸೆ ಆ ದಂಪತಿಗಳಿಗೆ ಇದ್ದಿರಬೇಕೆಂದು ನನಗನ್ನಿಸುತ್ತದೆ. ಅಷ್ಟು ದೂರ ಹೋಗಲಾಗದವರಿಗೆ ದೇವಿಯನ್ನು ಹತ್ತಿರ ತಂದ ಗುಡಿ ಇದು ಎಂದು ಭಾವಿಸುವುದು ನನಗೆ ಇಷ್ಟ.

ಹೊಯ್ಸಳ ದೇವಾಲಯಗಳಲ್ಲಿ ಏಕಕೂಟ, ದ್ವಿಕೂಟ, ತ್ರಿಕೂಟಗಳನ್ನು ನಾವು ಬೇಕಾದಷ್ಟು ನೋಡುತ್ತೇವೆ. ದೊಡ್ಡಗದ್ದವಳ್ಳಿಯದು ತೀರ ಅಪರೂಪದ ಚತುಷ್ಕೂಟ, ಅಂದರೆ ನಾಲ್ಕು ಗರ್ಭಗುಡಿಗಳಿರುವ ದೇವಾಲಯ. ಒಂದರಲ್ಲಿ ಲಕ್ಷ್ಮಿ, ಒಂದರಲ್ಲಿ ಕಾಳಿ, ಇನ್ನೊಂದರಲ್ಲಿ ಭೂತನಾಥನೆಂಬ ಹೆಸರಿನ ಶಿವಲಿಂಗ. ನಾಲ್ಕನೆಯದು ಮೂಲದಲ್ಲಿ ವಿಷ್ಣುವಿಗೆ ಮೀಸಲಾಗಿತ್ತು ಎನ್ನುತ್ತಾರೆ. ಮೂರು ಗರ್ಭಗುಡಿಗಳ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಕದಂಬ ನಾಗರ ಶೈಲಿಯ ಶಿಖರಗಳಿದ್ದರೆ, ಲಕ್ಷ್ಮಿಯ ಶಿಖರ ಮಾತ್ರ ಹೆಚ್ಚು ಅಲಂಕೃತವಾಗಿ ಬೇರೆಯೇ ನಿಲ್ಲುತ್ತದೆ. ಸುತ್ತಲೂ ಕಲ್ಲಿನ ಪ್ರಾಕಾರವಿದೆ, ಪಕ್ಕದಲ್ಲಿ ಕೆರೆಯಿದೆ. ಕಾಳಿಯ ಗರ್ಭಗುಡಿಯ ಮುಂದೆ ಎರಡೂ ಬದಿಗೆ ಆಳೆತ್ತರದ ಬೇತಾಳಗಳು ನಿಂತಿವೆ. ಬಳಪದ ಕಲ್ಲಿನಲ್ಲಿ ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸುವಂತೆ ಬಿಡಿಸಿದ ಆ ಎಲುಬಿನ ಗೂಡುಗಳನ್ನು ಒಳಗಿನ ಅರೆಗತ್ತಲಿನಲ್ಲಿ ಹತ್ತಿರದಿಂದ ಕಂಡವರು ಅವನ್ನು ಅಷ್ಟು ಸುಲಭವಾಗಿ ಮರೆಯುವುದಿಲ್ಲ.

ನನ್ನ ವಾದಕ್ಕೆ ಮುಖ್ಯವಾದದ್ದು ಈ ದೇವಾಲಯದಲ್ಲಿ ಇಲ್ಲದಿರುವ ಒಂದು ಅಂಗ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಎತ್ತರದ ಜಗತಿಯ ಮೇಲೆ ನಿಂತಿವೆ. ಪ್ರದಕ್ಷಿಣೆಗೆಂದೇ ರೂಪಿಸಿದ ಆ ಕಲ್ಲಿನ ವೇದಿಕೆಯನ್ನು ಏರದೆ ಹೊರಗೋಡೆಯ ಶಿಲ್ಪಗಳ ಸಮೀಪಕ್ಕೆ ಹೋಗಲಾಗದು. ದೊಡ್ಡಗದ್ದವಳ್ಳಿಯ ಗುಡಿಗೆ ಜಗತಿ ಇಲ್ಲ. ಹೊಯ್ಸಳ ಶೈಲಿ ಇನ್ನೂ ತನ್ನ ರೂಪವನ್ನು ಕಂಡುಕೊಳ್ಳುತ್ತಿದ್ದ ಕಾಲದ ಈ ಗುಡಿ ಹೆಚ್ಚುಕಡಿಮೆ ನೆಲಮಟ್ಟದಿಂದಲೇ ಎದ್ದು ನಿಂತಿದೆ. ಕಲೆಯ ಇತಿಹಾಸವನ್ನು ಬರೆಯುವವರು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಗಾಲಿಕುರ್ಚಿಯಲ್ಲಿ ಬರುವವರ ಪಾಲಿಗಾದರೋ ಇದೇ ಮೊಟ್ಟಮೊದಲ ಸಂಗತಿಯಾಗಬೇಕು. ಅಂಗಳದ ನೆಲವನ್ನು ಸಮಮಾಡಿ, ಪ್ರವೇಶದ ಹೊಸ್ತಿಲನ್ನು ದಾಟಿಸುವ ವ್ಯವಸ್ಥೆಯೊಂದನ್ನು ಮಾಡಿದರೆ, ಅವರು ದೇವಾಲಯದ ಸುತ್ತ ಪೂರ್ತಿ ಒಂದು ಸುತ್ತು ಬರಬಹುದು. ಜಗತಿಯಿರುವ ದೇವಾಲಯಗಳಲ್ಲಿ ಇದೇ ಅನುಕೂಲವನ್ನು ಒದಗಿಸಲು ಎಷ್ಟೋ ಹೆಚ್ಚಿನ ಏರ್ಪಾಡು ಬೇಕಾಗುತ್ತದೆ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಇಳಿಜಾರು ದಾರಿ, ಅಂದರೆ ರ‍್ಯಾಂಪ್, 1:12ರ ಪ್ರಮಾಣದಲ್ಲಿರಬೇಕು ಎಂಬುದು ನಮ್ಮ ದೇಶದ ಮಾರ್ಗಸೂಚಿಗಳು ಒಪ್ಪಿಕೊಂಡಿರುವ ಅಳತೆ. 15 ಸೆಂಟಿಮೀಟರ್ ಎತ್ತರದ ಒಂದು ಮೆಟ್ಟಿಲಿಗೆ 1.8 ಮೀಟರ್ ಉದ್ದದ ರ‍್ಯಾಂಪ್ ಬೇಕು. ಅಂತಹ ಮೂರು ಮೆಟ್ಟಿಲುಗಳಿದ್ದರೆ 5.4 ಮೀಟರ್. ಹೊಸ್ತಿಲಿನ ವಿಷಯ ಇನ್ನೂ ಸೂಕ್ಷ್ಮವಾದದ್ದು, ಏಕೆಂದರೆ ಹೊಸ್ತಿಲನ್ನು ಹತ್ತಿದ ಮೇಲೆ ಮತ್ತೆ ಇಳಿಯಬೇಕು. ರ‍್ಯಾಂಪ್ ಎರಡೂ ಕಡೆಗೆ ಬೇಕು, ನಡುವೆ ಕಲ್ಲಿನ ಮೇಲೆ ಭಾರ ಬೀಳಬಾರದು. ಕಲ್ಲಿಗೆ ಒಂದು ಮೊಳೆಯನ್ನೂ ಹೊಡೆಯದೆ, ಒಂದು ಹಿಡಿ ಸಿಮೆಂಟನ್ನೂ ಹಾಕದೆ, ಬೇಕಾದಾಗ ಇಟ್ಟು ಬೇಡವಾದಾಗ ಮಡಚಿಡಬಹುದಾದ ಮರದ ಅಥವಾ ಅಲ್ಯೂಮಿನಿಯಮ್ಮಿನ ರ‍್ಯಾಂಪುಗಳಿಂದ ಈ ಕೆಲಸ ನಡೆಯುತ್ತದೆ. ಹಳೆಯ ಕಟ್ಟಡಕ್ಕೆ ಏನನ್ನು ಸೇರಿಸಿದರೂ ಅದನ್ನು ಕುರುಹಿಲ್ಲದಂತೆ ತೆಗೆಯಲು ಬರಬೇಕು ಎಂಬ ಸಂರಕ್ಷಣೆಯ ತತ್ವಕ್ಕೆ ಇದರಿಂದ ಯಾವ ಭಂಗವೂ ಬರುವುದಿಲ್ಲ. ಆದ್ದರಿಂದ ಪರಂಪರೆಯನ್ನು ಉಳಿಸುವುದು ಮತ್ತು ಎಲ್ಲರಿಗೂ ಪ್ರವೇಶ ಕಲ್ಪಿಸುವುದು ಪರಸ್ಪರ ವಿರುದ್ಧವಾದ ಕೆಲಸಗಳೆಂಬ ಮಾತನ್ನು, ಕನಿಷ್ಠ ಇಂತಹ ಗುಡಿಗಳ ಮಟ್ಟಿಗೆ, ನಾನು ಒಪ್ಪುವುದಿಲ್ಲ.

ನನ್ನ ಸೋದರತ್ತೆಗೆ ಮಂಡಿನೋವು, ಕೋಲಿಲ್ಲದೆ ನಡೆಯಲಾರರು. ಹಳೆಯ ಗುಡಿಗಳಿಗೆ ಅವರೊಂದಿಗೆ ಹೋದಾಗಲೆಲ್ಲ ನಾನು ಗಮನಿಸಿರುವುದೊಂದಿದೆ. ಅವರು ಹೊಸ್ತಿಲ ಬಳಿ ನಿಂತು, ಮೊದಲು ಕೋಲನ್ನು ಒಳಗಿಟ್ಟು, ಇನ್ನೊಂದು ಕೈಯಿಂದ ಬಾಗಿಲುವಾಡವನ್ನು ಹಿಡಿದು, ಆಮೇಲೆ ಕಾಲೆತ್ತುತ್ತಾರೆ. ಬಿಸಿಲಿನಿಂದ ಒಳಗೆ ಬಂದ ಕಣ್ಣಿಗೆ ಕತ್ತಲು ಒಗ್ಗುವವರೆಗೆ ನೆಲ ಎಲ್ಲಿದೆಯೆಂದು ಅವರ ಪಾದವೇ ಹುಡುಕಬೇಕು. ಆ ಹೊತ್ತಿನಲ್ಲಿ ಅವರ ಮುಖದಲ್ಲಿ ಭಕ್ತಿಗಿಂತ ಭಯವೇ ಹೆಚ್ಚಾಗಿರುತ್ತದೆ. ಅಲ್ಲೊಂದು ಹಿಡಿಗಂಬಿ, ಹೊಸ್ತಿಲಿನ ಅಂಚನ್ನು ತೋರಿಸುವ ಮಂದವಾದ ಒಂದು ದೀಪ, ಕುಳಿತು ಸುಧಾರಿಸಿಕೊಳ್ಳಲು ನೆರಳಿನಲ್ಲೊಂದು ಬೆಂಚು ಇದ್ದರೆ ಅವರಂತಹ ಎಷ್ಟೋ ಹಿರಿಯರು ಇನ್ನೊಬ್ಬರ ತೋಳಿಗೆ ಜೋತುಬೀಳದೆ ದೇವರೆದುರು ನಿಲ್ಲಬಲ್ಲರು. ಸುಗಮತೆ ಎಂದ ಕೂಡಲೇ ನಾವು ಗಾಲಿಕುರ್ಚಿಯೊಂದನ್ನೇ ನೆನೆಯುತ್ತೇವೆ. 2011ರ ಜನಗಣತಿಯು ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರನ್ನು ಗುರುತಿಸಿತ್ತು. ವಯಸ್ಸಿನಿಂದಾಗಿ ಮೆಟ್ಟಿಲು ಹತ್ತಲಾಗದವರೆಲ್ಲ ಆ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಮನೆಗಳಲ್ಲಿ ದೇವಸ್ಥಾನಕ್ಕೆ ಹೋಗಬೇಕೆಂದು ಎಲ್ಲರಿಗಿಂತ ಹೆಚ್ಚು ಹಂಬಲಿಸುವವರು ಅವರೇ.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ನೋಡಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಸಾರ್ವಜನಿಕ ಕಟ್ಟಡವೆಂಬುದಕ್ಕೆ ನೀಡುವ ವ್ಯಾಖ್ಯೆಯಲ್ಲಿ ಧಾರ್ಮಿಕ ಮತ್ತು ಸಾಂಸ್ಕೃತಿಕ ಚಟುವಟಿಕೆಗಳಿಗೆ ಬಳಸುವ ಕಟ್ಟಡಗಳೂ ಸೇರಿವೆ. ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಸುಗಮಗೊಳಿಸಬೇಕೆಂದು ಅದು ವಿಧಿಸಿತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ, ಆ ಗಡುವು ಮುಗಿದದ್ದು 2022ರಲ್ಲಿ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಜೀವ್ ರತೂರಿ ಪ್ರಕರಣದಲ್ಲಿ, ಸುಗಮತೆಯ ಮಾನದಂಡಗಳು ಬರೀ ಶಿಫಾರಸಿನ ರೂಪದಲ್ಲಿದ್ದರೆ ಸಾಲದು, ಕಡ್ಡಾಯವಾದ ಕನಿಷ್ಠ ಮಾನದಂಡಗಳು ಇರಲೇಬೇಕು ಎಂದು ಸ್ಪಷ್ಟವಾಗಿ ಹೇಳಿತು.

ಇದಕ್ಕೆ ಪ್ರತಿಯಾಗಿ ಸಾಮಾನ್ಯವಾಗಿ ಕೇಳಿಬರುವ ಮಾತೆಂದರೆ, ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಏನನ್ನೂ ಕಟ್ಟುವಂತಿಲ್ಲ, ಆದ್ದರಿಂದ ಶೌಚಾಲಯವನ್ನೂ ಕಟ್ಟಲಾಗದು ಎಂಬುದು. ನಿಷೇಧಿತ ವಲಯವಿರುವುದು ನಿಜ. 1958ರ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯು ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಅದು ಸರಿಯಾದ ಕೆಲಸವೇ. ಆದರೆ ಅದೇ ತಿದ್ದುಪಡಿಯು ನಿರ್ಮಾಣ ಎಂಬುದರ ವ್ಯಾಖ್ಯೆಯಿಂದ ಸಾರ್ವಜನಿಕ ಶೌಚಾಲಯ, ಚರಂಡಿ, ಕುಡಿಯುವ ನೀರಿನ ಪೂರೈಕೆ ಮತ್ತು ವಿದ್ಯುತ್ತಿನ ಕೆಲಸಗಳನ್ನು ಹೊರಗಿಟ್ಟಿದೆ. ಕಾಯ್ದೆಯನ್ನು ಬರೆದವರಿಗೆ ಯಾತ್ರಿಕರ ಕಷ್ಟ ಅರ್ಥವಾಗಿತ್ತು. ಕಾನೂನು ಬಿಡುವುದಿಲ್ಲ ಎನ್ನುವ ಮುಂಚೆ ಆ ವ್ಯಾಖ್ಯೆಯನ್ನು ಒಮ್ಮೆ ಓದಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸಿಕೊಳ್ಳುತ್ತೇನೆ. ಏಕೆಂದರೆ ಹಿರಿಯರು, ಅದರಲ್ಲೂ ಹೆಂಗಸರು, ದೂರದ ಗುಡಿಗಳಿಗೆ ಬರಲು ಹಿಂಜರಿಯುವುದು ಎಷ್ಟೋ ಸಲ ಮೆಟ್ಟಿಲುಗಳಿಗೆ ಹೆದರಿಯಲ್ಲ, ಶೌಚಾಲಯವಿಲ್ಲವೆಂದು. ಬೆಳಗಿನಿಂದ ನೀರನ್ನೇ ಕುಡಿಯದೆ ಯಾತ್ರೆ ಮಾಡುವ ತಾಯಂದಿರು ನಮ್ಮಲ್ಲಿ ಎಷ್ಟು ಜನ ಇದ್ದಾರೆಂಬುದು ನಿಮಗೂ ಗೊತ್ತು.

ಮುಖ್ಯರಸ್ತೆಯಿಂದ ಊರೊಳಗಿನ ದಾರಿಯೂ ಇಷ್ಟೇ ಮುಖ್ಯ. 2023ರ ಜೂನಿನಲ್ಲಿ, ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕಲ್ಪಿಸುವ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಹೆಣ್ಣುಮಕ್ಕಳು ದೇವಸ್ಥಾನಗಳಿಗೆ ಹೆಚ್ಚು ಹೆಚ್ಚಾಗಿ ಹೋಗತೊಡಗಿದ್ದನ್ನು ನಾವೆಲ್ಲ ಕಂಡಿದ್ದೇವೆ, ಅದು ನನಗೆ ತುಂಬ ಸಂತೋಷ ಕೊಟ್ಟ ಬೆಳವಣಿಗೆ. ಆದರೆ ಹಳ್ಳಿಗಳ ಕಡೆಗೆ ಓಡುವ ಸಾಮಾನ್ಯ ಬಸ್ಸಿನ ಮೊದಲ ಮೆಟ್ಟಿಲು ಮಂಡಿಯೆತ್ತರಕ್ಕಿರುತ್ತದೆ, ಮುಖ್ಯರಸ್ತೆಯಲ್ಲಿ ಇಳಿದ ಮೇಲೆ ಮುಂದಿನ ದಾರಿಗೆ ಆಟೋವನ್ನೇ ನೆಚ್ಚಿಕೊಳ್ಳಬೇಕು. ಹಂಪಿಯಲ್ಲಿ ವಿಜಯ ವಿಠ್ಠಲ ದೇವಾಲಯದವರೆಗೆ ಬ್ಯಾಟರಿ ವಾಹನಗಳು ಓಡಾಡುತ್ತವೆ. ಅಷ್ಟು ದೊಡ್ಡ ಏರ್ಪಾಡು ದೊಡ್ಡಗದ್ದವಳ್ಳಿಗೆ ಬೇಕಿಲ್ಲ. ವಾರಾಂತ್ಯಗಳಲ್ಲಾದರೂ ಒಂದು ವಾಹನ, ಗುಡಿಯ ಬಾಗಿಲಿನ ಹತ್ತಿರ ಅಂಗವಿಕಲರ ವಾಹನಕ್ಕೆ ಕಾದಿಟ್ಟ ಒಂದಿಷ್ಟು ಜಾಗ, ಇಷ್ಟರಿಂದಲೇ ಎಷ್ಟೋ ಕೆಲಸವಾಗುತ್ತದೆ.

ಇನ್ನು ಮಡಿಯ ಪ್ರಶ್ನೆ. ಬೀದಿಯಲ್ಲಿ ಓಡಾಡಿದ ಗಾಲಿಗಳು ದೇವಾಲಯದೊಳಗೆ ಬರಬಾರದೆಂಬ ಆಕ್ಷೇಪವನ್ನು ಹಲವರು ಪ್ರಾಮಾಣಿಕವಾಗಿಯೇ ಮುಂದಿಡುತ್ತಾರೆ. ಅದನ್ನು ಹೀಯಾಳಿಸುವುದು ನನಗೆ ಸರಿಕಾಣುವುದಿಲ್ಲ; ಚಪ್ಪಲಿಯನ್ನು ಹೊರಗೆ ಬಿಡುವ ಸಂಸ್ಕಾರದಿಂದಲೇ ಆ ಆಕ್ಷೇಪ ಹುಟ್ಟಿದೆ. ಅದಕ್ಕೆ ಪರಿಹಾರವೂ ಅದೇ ಸಂಸ್ಕಾರದಲ್ಲಿದೆ. ನಾವು ಕಾಲು ತೊಳೆದು ಒಳಗೆ ಹೋಗುವಂತೆ ಗಾಲಿಗಳನ್ನೂ ತೊಳೆದು ಒರೆಸಬಹುದು, ಇಲ್ಲವೇ ಗುಡಿಯ ಒಳಗಿನ ಬಳಕೆಗೆಂದೇ ಒಂದು ಗಾಲಿಕುರ್ಚಿಯನ್ನು ಪ್ರಾಕಾರದೊಳಗೆ ಇರಿಸಬಹುದು. ಆದರೆ ಇಲ್ಲೊಂದು ಮಾತು ಹೇಳಬೇಕು. ತನ್ನ ದೇಹಕ್ಕೆ ಹೊಂದುವಂತೆ ಮಾಡಿಸಿಕೊಂಡ ಕುರ್ಚಿಯಿಂದ ಬೇರೊಂದಕ್ಕೆ ಹೊರಳುವುದು ಕೆಲವರಿಗೆ ನೋವಿನ, ಅಪಾಯದ ಕೆಲಸ. ಯಾವುದು ಬೇಕೆಂಬುದನ್ನು ಅವರೇ ಆರಿಸಿಕೊಳ್ಳಲಿ. ನಾಲ್ಕು ಜನ ಸೇರಿ ಎತ್ತಿಕೊಂಡು ಹೋಗುತ್ತೇವೆ ಎಂಬ ಉಪಕಾರಬುದ್ಧಿಯನ್ನು ಎಷ್ಟು ಮೆಚ್ಚಿಕೊಂಡರೂ, ಅದನ್ನೇ ವ್ಯವಸ್ಥೆಯೆಂದು ಕರೆಯಲು ನಾನು ಸಿದ್ಧನಿಲ್ಲ.

ಕಣ್ಣು ಕಾಣದವರ ಪಾಲಿಗೆ ಹೊಯ್ಸಳ ಶಿಲ್ಪವೆಂದರೆ ಬೆರಳ ತುದಿಯಲ್ಲಿ ಅರಿಯಬೇಕಾದ ಕಲೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ, ಆದರೂ ಸಾವಿರಾರು ಕೈಗಳ ಬೆವರು, ಎಣ್ಣೆ ಅದಕ್ಕೆ ಒಳ್ಳೆಯದಲ್ಲ. ಎಲ್ಲರೂ ಮುಟ್ಟಲಿ ಎಂದು ನಾನು ಹೇಳಲಾರೆ. ಕೋಲಾರ ಜಿಲ್ಲೆಯ ಶಿವಾರಪಟ್ಟಣದಂತಹ ಶಿಲ್ಪಿಗಳ ಊರುಗಳು ನಮ್ಮಲ್ಲಿ ಇಂದಿಗೂ ಇವೆ. ಬೇತಾಳನ ಪಕ್ಕೆಲುಬುಗಳ, ಕದಂಬ ಶಿಖರದ ಮೆಟ್ಟಿಲುಗಳ, ಹುಲಿಯೊಡನೆ ಹೋರಾಡುವ ಸಳನ ಪ್ರತಿಕೃತಿಗಳನ್ನು ಅದೇ ಕಲ್ಲಿನಲ್ಲಿ ಸಣ್ಣದಾಗಿ ಕಡೆಸಿ, ನಾಲ್ಕು ಗರ್ಭಗುಡಿಗಳ ಉಬ್ಬುನಕ್ಷೆಯೊಂದನ್ನು ಕನ್ನಡ ಬ್ರೈಲ್ ವಿವರಣೆಯೊಂದಿಗೆ ಪ್ರವೇಶದ್ವಾರದ ಬಳಿ ಇರಿಸಿದರೆ, ಕಣ್ಣಿರುವ ಮಕ್ಕಳೂ ಅದರ ಸುತ್ತ ನೆರೆದು ಚತುಷ್ಕೂಟವೆಂದರೇನೆಂದು ಕೈಯಿಂದಲೇ ಕಲಿಯುತ್ತಾರೆ.

ಜನರು ಬಂದರೆ ಗುಡಿ ಹಾಳಾಗುತ್ತದೆ, ಈ ಏಕಾಂತವೇ ಚೆನ್ನ ಎನ್ನುವ ಸ್ನೇಹಿತರು ನನಗಿದ್ದಾರೆ. ಆ ಮಾತಿನಲ್ಲಿ ಪ್ರೀತಿಯಿದೆ. ಆದರೆ 2020ರ ನವೆಂಬರಿನಲ್ಲಿ ಇದೇ ದೇವಾಲಯದ ಕಾಳಿಯ ವಿಗ್ರಹ ಭಗ್ನವಾಗಿರುವುದು ಕಂಡುಬಂದಾಗ ನಮಗೆಲ್ಲ ಆದ ಸಂಕಟವನ್ನು ನಾನು ಮರೆತಿಲ್ಲ. ಜನರ ಓಡಾಟವಿಲ್ಲದ ಕಡೆ ಕಲ್ಲಿಗೂ ಕಾವಲಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಹಣವೂ ಗಮನವೂ ಆ ಮೂರರ ಕಡೆಗೆ ಇನ್ನಷ್ಟು ಹರಿಯುವುದು ಸಹಜ. ಅವುಗಳ ನೆರೆಯ ಸಣ್ಣ ಗುಡಿಗಳಿಗೆ ಅದರಲ್ಲೊಂದು ಪಾಲು ಸಿಗಬೇಕೆಂದು ಕೇಳುವುದಕ್ಕೆ ಇದು ತಕ್ಕ ಕಾಲ.

ನಮ್ಮ ಕೈಯಲ್ಲಿರುವ ಕೆಲಸವೂ ಒಂದಿದೆ. ಸಣ್ಣ ದೇವಾಲಯಗಳ ಬಗ್ಗೆ ವಿಡಿಯೋ ಮಾಡುವವರು, ನಕ್ಷೆಗಳಲ್ಲಿ ಚಿತ್ರ ಹಾಕುವವರು, ಶಿಖರ ಮತ್ತು ಮದನಿಕೆಯರ ಜೊತೆಗೆ ಪ್ರವೇಶದ್ವಾರದ ಚಿತ್ರವನ್ನೂ ಹಾಕಿರಿ. ಎಷ್ಟು ಮೆಟ್ಟಿಲುಗಳಿವೆ, ಹೊಸ್ತಿಲು ಎಷ್ಟು ಎತ್ತರವಿದೆ, ಬಾಗಿಲು ಎಷ್ಟು ಅಗಲವಿದೆ, ವಾಹನ ನಿಲ್ಲುವ ಜಾಗದಿಂದ ಗುಡಿಯವರೆಗಿನ ನೆಲ ಹೇಗಿದೆ, ಮಳೆಗಾಲದಲ್ಲಿ ಕೆಸರಾಗುತ್ತದೆಯೇ, ಶೌಚಾಲಯ ಎಲ್ಲಿದೆ ಎಂಬುದನ್ನು ಬರೆಯಿರಿ. ಅಳತೆಪಟ್ಟಿ ಇಲ್ಲದಿದ್ದರೆ ಗೇಣಿನ ಲೆಕ್ಕದಲ್ಲಾದರೂ ಹೇಳಿರಿ. ನಿಮ್ಮ ಊರಿನ ಹಳೆಯ ಗುಡಿಯ ಇಂತಹ ವಿವರಗಳನ್ನು ಈ ಸಂಚಿಕೆಯ ಕೆಳಗೆ ಬರೆದರೆ, ಮುಂದಿನ ಸಂಚಿಕೆಯಲ್ಲಿ ಊರಿನ ಹೆಸರಿನೊಂದಿಗೆ ಅವನ್ನು ಓದಿ ಹೇಳುತ್ತೇನೆ.